ಕೆಟ್ಟ ನೀರಿನ ಖರ್ಚು ಯಾರ ಖಾತೆಗೆ?

ಮಾಲೂರು ಕಡೆಯ ಒಂದು ಹಳ್ಳಿಯಲ್ಲಿ ಬೆಳಗಿನ ಆರು ಗಂಟೆಗೆ ಹಾಲಿನ ಡೈರಿಯ ಮುಂದೆ ಕ್ಯಾನು ಹಿಡಿದು ನಿಂತಿದ್ದ ರೈತರೊಬ್ಬರು, ತಮ್ಮ ಎರಡು ಹಸುಗಳಿಗೆ ಹೊಲದ ಬೋರ್‌ವೆಲ್ ನೀರು ಕುಡಿಸುವುದನ್ನು ಬಿಟ್ಟು ಎರಡು ವರ್ಷವಾಯಿತು ಎಂದರು. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನುಗಳಲ್ಲಿ ನೀರು ಹಿಡಿದು, ಮೊಪೆಡ್ಡಿನ ಮೇಲೆ ಹೊತ್ತುಕೊಂಡು ಹೋಗಿ ಕೊಟ್ಟಿಗೆಯ ತೊಟ್ಟಿಗೆ ಸುರಿಯುತ್ತಾರೆ. ಕಾರಣ ಕೇಳಿದಾಗ ಸುತ್ತಮುತ್ತ ನೋಡಿ, ದನಿ ತಗ್ಗಿಸಿ ಹೇಳಿದರು: "ಆ ನೀರಿಗೆ ಹಸ ಮೂತಿನೇ ಇಕ್ಕಲ್ಲ ಸಾರ್. ಆದ್ರೆ ನೀವು ನಮ್ಮೂರ ಹೆಸರು ಬರೀಬೇಡಿ. ನೀರು ಕೆಟ್ಟೈತೆ ಅಂತ ನಾವೇ ಬಾಯಿಬಿಟ್ರೆ ನಾಳೆ ನಮ್ಮ ಹಾಲು ಯಾರು ಹಾಕಿಸ್ಕೊಂತಾರೆ?"

ಅವರು ಕೇಳಿಕೊಂಡಂತೆ ಊರಿನ ಹೆಸರನ್ನು ಇಲ್ಲಿ ಬರೆದಿಲ್ಲ. ಕೈಗಾರಿಕೆಯಿಂದ ನೀರು ಕೆಟ್ಟಾಗ ಆಗುವ ನಷ್ಟವನ್ನು ಲೆಕ್ಕ ಹಾಕಲು ಹೊರಡುವ ಯಾರೇ ಆದರೂ ಮೊದಲು ಎದುರಿಸಬೇಕಾದ ಕಷ್ಟ ಆ ಒಂದು ಮಾತಿನಲ್ಲಿದೆ. ನಷ್ಟಕ್ಕೆ ಒಳಗಾದವನೇ ನಷ್ಟವನ್ನು ಮುಚ್ಚಿಡುತ್ತಾನೆ, ಏಕೆಂದರೆ ಹೇಳಿಕೊಂಡರೆ ಇನ್ನಷ್ಟು ನಷ್ಟ.

ಕೈಗಾರಿಕಾ ದುರಂತ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು 1984ರ ಡಿಸೆಂಬರ್ 2ರ ರಾತ್ರಿಯ ಭೋಪಾಲ. ಆದರೆ ಭೋಪಾಲದಲ್ಲಿ ಆದದ್ದು ಒಂದು ದುರಂತವಲ್ಲ, ಎರಡು. ಒಂದು, ಯೂನಿಯನ್ ಕಾರ್ಬೈಡ್‌ನ ಕೀಟನಾಶಕ ಕಾರ್ಖಾನೆಯಿಂದ ಸೋರಿ ಒಂದೇ ರಾತ್ರಿಯಲ್ಲಿ ಸಾವಿರಾರು ಜನರನ್ನು ಕೊಂದ ಅನಿಲ. ಇನ್ನೊಂದು, ಆ ಕಾರ್ಖಾನೆ ವರ್ಷಗಟ್ಟಲೆ ತನ್ನ ಆವರಣದಲ್ಲಿ ಮತ್ತು ಹೊರಗಿನ ಹೊಂಡಗಳಲ್ಲಿ ಸುರಿದ ತ್ಯಾಜ್ಯ ಇಳಿದು ಸುತ್ತಲಿನ ಬಡಾವಣೆಗಳ ಅಂತರ್ಜಲ ಸೇರಿದ್ದು. 1989ರ 47 ಕೋಟಿ ಡಾಲರ್‌ಗಳ ಪರಿಹಾರ ಒಪ್ಪಂದ ಮೊದಲನೆಯದರ ಬಗ್ಗೆ ಮಾತ್ರ. ಎರಡನೆಯದಕ್ಕೆ ಸದ್ದು ಇರಲಿಲ್ಲ, ತಾರೀಖೂ ಇರಲಿಲ್ಲ. ಆ ಆವರಣದಲ್ಲಿ ಬಿದ್ದಿದ್ದ 337 ಟನ್ ವಿಷತ್ಯಾಜ್ಯವನ್ನು ಸುಡಲೆಂದು ಪೀಥಮ್‌ಪುರಕ್ಕೆ ಸಾಗಿಸಿದ್ದು 2025ರ ಜನವರಿಯಲ್ಲಿ, ಅಂದರೆ 40 ವರ್ಷಗಳ ಬಳಿಕ. ಮಣ್ಣಿಗೆ ಮತ್ತು ನೀರಿಗೆ ಸೇರಿಹೋದದ್ದು ಲಾರಿ ಹತ್ತುವುದಿಲ್ಲ.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳ ಕೈಗಾರಿಕಾ ಪ್ರದೇಶಗಳ ಸುತ್ತ ಜನ ದೂರುವುದೆಲ್ಲ ಈ ಎರಡನೆಯ ಜಾತಿಯ ದುರಂತವನ್ನೇ. ಮಾಲೂರು, ನರಸಾಪುರ, ವೇಮಗಲ್, ಗೌರಿಬಿದನೂರು, ವಸಂತನರಸಾಪುರ, ಯಾವ ಪ್ರದೇಶದ ಸುತ್ತಲ ಹಳ್ಳಿಗೆ ಹೋದರೂ ಕೇಳಸಿಗುವ ಮಾತುಗಳು ಹೆಚ್ಚುಕಡಿಮೆ ಒಂದೇ: ಮಳೆ ಬಂದ ರಾತ್ರಿ ಕಾಲುವೆಯ ನೀರಿನ ಬಣ್ಣ ಬದಲಾಗುತ್ತದೆ, ಯಾವುದೋ ಟ್ಯಾಂಕರ್ ಕತ್ತಲಲ್ಲಿ ಬಂದು ಕೆರೆಯ ಅಂಗಳದಲ್ಲಿ ಖಾಲಿಯಾಗಿ ಹೋಗುತ್ತದೆ, ಬತ್ತಿದ ಹಳೇ ಬೋರ್‌ವೆಲ್ಲಿಗೆ ಏನನ್ನೋ ಬಿಡುತ್ತಾರಂತೆ. ಇವುಗಳಲ್ಲಿ ಎಷ್ಟು ನಿಜ, ಎಷ್ಟು ಅನುಮಾನ ಎಂಬುದನ್ನು ಪ್ರಯೋಗಾಲಯ ಹೇಳಬೇಕು. ಆದರೆ ಹೀಗೆ ಹನಿಹನಿಯಾಗಿ ಆಗುವ ಹಾನಿಯನ್ನು ದುರಂತ ಎಂದು ಕರೆಯಲು ನಮ್ಮ ಕಾನೂನು, ನಮ್ಮ ವಿಮೆ, ನಮ್ಮ ಪರಿಹಾರ ವ್ಯವಸ್ಥೆ ಇನ್ನೂ ಕಲಿತಿಲ್ಲ ಎಂಬುದರಲ್ಲಿ ಅನುಮಾನವಿಲ್ಲ.

ನೀರು ಕೆಟ್ಟರೆ ಎಲ್ಲ ಕಡೆಯೂ ಕಷ್ಟವೇ. ಆದರೆ ಬಯಲುಸೀಮೆಯ ಈ ಭಾಗದಲ್ಲಿ ಅದರ ಪೆಟ್ಟು ಬೇರೆ ರೀತಿಯದು. ಇಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೇಂದ್ರ ಅಂತರ್ಜಲ ಮಂಡಳಿಯ ಪಟ್ಟಿಯಲ್ಲಿ ಕೋಲಾರ ಮತ್ತು ಚಿಕ್ಕಬಳ್ಳಾಪುರದ ತಾಲ್ಲೂಕುಗಳು ವರ್ಷಗಳಿಂದ ಅತಿಬಳಕೆಯ ಸಾಲಿನಲ್ಲಿವೆ. ಸಾವಿರ, ಸಾವಿರದ ಇನ್ನೂರು ಅಡಿ ಕೊರೆದರೂ ನೀರು ಸಿಗುವುದು ಗಟ್ಟಿ ಬಂಡೆಯ ಬಿರುಕುಗಳಲ್ಲಿ. ಮರಳುನೆಲದಲ್ಲಾದರೆ ಕೆಟ್ಟ ನೀರು ಹರಡುವ ದಿಕ್ಕನ್ನು ಸ್ವಲ್ಪಮಟ್ಟಿಗಾದರೂ ಊಹಿಸಬಹುದು. ಬಂಡೆಯ ಬಿರುಕು ಹೋದತ್ತ ನೀರೂ ಹೋಗುವ ಇಲ್ಲಿ ಪಕ್ಕದ ಹೊಲದ ಬೋರ್ ಚೆನ್ನಾಗಿದ್ದು ನಿಮ್ಮದು ಮಾತ್ರ ಕೆಡಬಹುದು, ಅಥವಾ ಕಾರ್ಖಾನೆಗೆ ಹತ್ತಿರದ ಬಾವಿ ಉಳಿದು ದೂರದ್ದು ಹಾಳಾಗಬಹುದು. ನ್ಯಾಯಾಲಯದಲ್ಲಿ ಇದು ಪ್ರತಿವಾದಿಯ ವಕೀಲರಿಗೆ ಸಿಗುವ ಮೊದಲ ಆಯುಧ. ಎರಡನೆಯದು ಫ್ಲೋರೈಡ್. ಈ ಮೂರೂ ಜಿಲ್ಲೆಗಳ ಅಂತರ್ಜಲದಲ್ಲಿ ಫ್ಲೋರೈಡ್ ಪ್ರಕೃತಿಯಿಂದಲೇ ಇದೆ, ಪಾವಗಡದ ಜನಕ್ಕೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹಾಗಾಗಿ "ನಿಮ್ಮ ನೀರು ಮೊದಲಿನಿಂದಲೂ ಹೀಗೇ ಇತ್ತು" ಎಂಬ ಮಾತಿಗೆ ಎದುರು ಹೇಳಲು ರೈತನ ಬಳಿ ಕಾಗದವೇ ಇರುವುದಿಲ್ಲ. ಕಾರ್ಖಾನೆ ಬರುವ ಮುಂಚೆ ತನ್ನ ಬೋರ್‌ವೆಲ್ ನೀರನ್ನು ಪರೀಕ್ಷೆ ಮಾಡಿಸಿ ವರದಿ ಇಟ್ಟುಕೊಂಡ ರೈತನನ್ನು ನಾನು ಇದುವರೆಗೆ ಕಂಡಿಲ್ಲ.

ಈಗ ಮನೆಯ ಲೆಕ್ಕಕ್ಕೆ ಬರೋಣ. ಕೋಲಾರ ಸೀಮೆಯ ಸಣ್ಣ ರೈತನ ಕೈಗೆ ವಾರದ ದುಡ್ಡು ಬರುವುದು ಹಾಲಿನಿಂದ, ತಿಂಗಳ ದುಡ್ಡು ರೇಷ್ಮೆಗೂಡಿನಿಂದ, ಅದೃಷ್ಟ ಕುದುರಿದರೆ ವರ್ಷದ ದುಡ್ಡು ಟೊಮೆಟೊದಿಂದ. ಮೂರಕ್ಕೂ ನೀರು ಬೇಕು, ಮೂರನ್ನೂ ಅದು ಬೇರೆ ಬೇರೆ ರೀತಿಯಲ್ಲಿ ಹೊಡೆಯುತ್ತದೆ.

ಹಾಲು ಕೊಡುವ ಮಿಶ್ರತಳಿ ಹಸು ದಿನಕ್ಕೆ ಸುಮಾರು 70 ಲೀಟರ್ ನೀರು ಕುಡಿಯುತ್ತದೆ ಎಂದಿಟ್ಟುಕೊಳ್ಳಿ. ಎರಡು ಹಸುಗಳಿಗೆ 140 ಲೀಟರ್, ಅಂದರೆ 20 ಲೀಟರಿನ ಏಳು ಕ್ಯಾನು. ಕ್ಯಾನಿಗೆ ಐದು ರೂಪಾಯಿಯ ನಾಣ್ಯ ಹಾಕಿ ಘಟಕದಲ್ಲಿ ಹಿಡಿದರೆ ದಿನಕ್ಕೆ 35 ರೂಪಾಯಿ. ಅದು ಹೆಚ್ಚುಕಡಿಮೆ ಒಂದು ಲೀಟರ್ ಹಾಲಿನ ದುಡ್ಡು. ದುಡ್ಡಿಗಿಂತ ದೊಡ್ಡದು ಏಳು ಕ್ಯಾನು ಹೊರುವ ಕೆಲಸ, ಅದು ಸಾಮಾನ್ಯವಾಗಿ ಮನೆಯ ಹೆಂಗಸಿನ ಪಾಲಿಗೆ ಬರುತ್ತದೆ ಮತ್ತು ಯಾವ ಲೆಕ್ಕದ ಪುಸ್ತಕಕ್ಕೂ ಏರುವುದಿಲ್ಲ. ಹಸುವಿಗೆ ನೀರು ಕಡಿಮೆಯಾದರೆ ಹಾಲೂ ಇಳಿಯುತ್ತದೆ. ಹೀಗೆ ಇಳಿದದ್ದು ಒಂದೇ ದಿನ ಇಳಿಯುವುದಿಲ್ಲ, ಇವತ್ತು ಅರ್ಧ ಲೀಟರ್, ಮುಂದಿನ ತಿಂಗಳು ಇನ್ನರ್ಧ. ಹಿಂಡಿ ಸರಿಯಿಲ್ಲ, ಬಿಸಿಲು ಜಾಸ್ತಿ, ಹಸುವಿಗೆ ವಯಸ್ಸಾಯಿತು ಎಂದು ಮನೆಯವರು ಮಾತಾಡಿಕೊಳ್ಳುತ್ತಾರೆ, ನೀರಿನ ಸುದ್ದಿ ಕೊನೆಗೆ ಬರುತ್ತದೆ.

ರೇಷ್ಮೆಯ ಕಥೆ ಇನ್ನೂ ಕಠಿಣ. ನೂರು ಮೊಟ್ಟೆ (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪಿಗೇ ಇಲ್ಲಿ ಒಂದು ಮೊಟ್ಟೆ ಎನ್ನುತ್ತಾರೆ) ಚಾಕಿ ಮಾಡಿದರೆ, ಅಂದರೆ ಮರಿ ಮಾಡಿ ಸಾಕಿದರೆ, ಗೂಡು ಕಟ್ಟುವ ಹೊತ್ತಿಗೆ ಸುಮಾರು ಒಂದು ಟನ್ ಹಿಪ್ಪುನೇರಳೆ ಸೊಪ್ಪು ಬೇಕು, ಅದರ ಐದು ಭಾಗದಲ್ಲಿ ನಾಲ್ಕಕ್ಕೂ ಹೆಚ್ಚನ್ನು ಹುಳ ತಿನ್ನುವುದು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಎದ್ದ ಮೇಲಿನ ಏಳೆಂಟು ದಿನಗಳಲ್ಲಿ. ಉಪ್ಪಿನ ಅಂಶ ಏರಿದ ನೀರಿನಲ್ಲಿ ಬೆಳೆದ ಸೊಪ್ಪು ನೋಡಲು ಹಸಿರಾಗಿಯೇ ಇರುತ್ತದೆ, ಆದರೆ ಸತ್ವ ಕುಂದಿರುತ್ತದೆ. ಅಂಥ ಸೊಪ್ಪು ತಿಂದು ಬಲಗುಂದಿದ ಹುಳಕ್ಕೆ ಸಪ್ಪೆ ರೋಗ ಬೇಗ ತಗಲುತ್ತದೆ. ಅದು ಕಾಣಿಸಿಕೊಳ್ಳುವುದು ಬಹುತೇಕ ಕೊನೆಯ ಹಂತದಲ್ಲಿ, ಅಂದರೆ ಮೊಟ್ಟೆಯ ದುಡ್ಡು, ಸೊಪ್ಪಿನ ದುಡ್ಡು, ಕೂಲಿಯ ದುಡ್ಡು ಎಲ್ಲ ಸುರಿದಾದ ಮೇಲೆ, ಗೂಡು ಕಟ್ಟಲು ಹುಳವನ್ನು ಚಂದ್ರಿಕೆಯ ತಟ್ಟೆಗೆ ಬಿಡಲು ಎರಡು ದಿನ ಇದೆ ಎನ್ನುವಾಗ. ನಷ್ಟ ಬೆಳೆಯ ಮೊದಲಲ್ಲಿ ಆಗಿದ್ದರೆ ಅರ್ಧ ಖರ್ಚಾದರೂ ಉಳಿಯುತ್ತಿತ್ತು. ಹುಳುಮನೆಯ ಬಾಗಿಲಲ್ಲಿ ನಿಂತ ರೈತ ಬೈಯುವುದು ಚಾಕಿ ಕೊಟ್ಟವನನ್ನು, ಇಲ್ಲವೆ ಸೋಂಕುನಿವಾರಕದ ಅಂಗಡಿಯವನನ್ನು. ಹಾಗೆ ನೋಡಿದರೆ ಶಿಡ್ಲಘಟ್ಟದ ರೀಲರುಗಳೂ ಈ ಕಥೆಯ ಒಳಗೇ ಇದ್ದಾರೆ: ನೂಲು ತೆಗೆಯಲು ಒಳ್ಳೆಯ ನೀರಿಲ್ಲದಿದ್ದರೆ ರೇಷ್ಮೆಯ ಗುಣ ಕೆಡುತ್ತದೆ, ಗೂಡು ಬೇಯಿಸಿದ ಅವರ ನೀರು ಮತ್ತೆ ಅದೇ ಊರಿನ ಚರಂಡಿಗೆ ಹೋಗುತ್ತದೆ.

ಟೊಮೆಟೊದ ವಿಷಯದಲ್ಲಿ ಇಳುವರಿಗಿಂತ ಹೆಸರಿನ ಪ್ರಶ್ನೆ ದೊಡ್ಡದು. ಕೋಲಾರದ ಎಪಿಎಂಸಿ ದೇಶದ ಅತಿ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. ಮಂಡಿಯಲ್ಲಿ ಹರಾಜು ಕೂಗುವವನು ನೀರಿನ ವರದಿ ಕೇಳುವುದಿಲ್ಲ, ಆದರೆ ಯಾವ ಊರಿನ ಮಾಲು ಎಂದು ಕೇಳುತ್ತಾನೆ. 2018ರಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋರಮಂಗಲ-ಚಲ್ಲಘಟ್ಟ ಕಣಿವೆಯ ಯೋಜನೆಯಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂದು, ಜುಲೈ ತಿಂಗಳಲ್ಲಿ ಅಲ್ಲಿ ನೊರೆ ಎದ್ದ ಚಿತ್ರಗಳು ಹರಡಿದಾಗ ಜಿಲ್ಲೆಯ ತರಕಾರಿಯ ಬಗ್ಗೆಯೇ ಮಾತು ಶುರುವಾಯಿತು. ದಿನಕ್ಕೆ 44 ಕೋಟಿ ಲೀಟರ್ ನೀರನ್ನು 120ಕ್ಕೂ ಹೆಚ್ಚು ಕೆರೆಗಳಿಗೆ ಹರಿಸುವ ಯೋಜನೆ ಅದು. ಶಾಶ್ವತ ನೀರಾವರಿ ಹೋರಾಟ ಸಮಿತಿಯ ಆರ್. ಆಂಜನೇಯ ರೆಡ್ಡಿಯವರು ಎರಡು ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತದ್ದೂ ಬೇಕೆಂದು ನ್ಯಾಯಾಲಯದ ಮೆಟ್ಟಿಲೇರಿದರು. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತಡೆ ನೀಡಿ, ಅದೇ ವರ್ಷ ತಡೆಯನ್ನು ತೆರವು ಮಾಡಿತು. ಅಲ್ಲಿಂದೀಚೆಗೆ ಅನೇಕ ಹಳ್ಳಿಗಳಲ್ಲಿ ಬತ್ತಿದ ಬೋರ್‌ವೆಲ್‌ಗಳಿಗೆ ನೀರು ಬಂದದ್ದೂ ನಿಜ, ಅದನ್ನು ಅಲ್ಲಗಳೆಯುವುದು ಅನ್ಯಾಯ. ಈ ನೀರು ಅಂತರ್ಜಲ ತುಂಬಲು ಮಾತ್ರ, ಕೆರೆಯಿಂದ ನೇರವಾಗಿ ಪಂಪು ಹಾಕಿ ಬೆಳೆಗೆ ಬಿಡುವಂತಿಲ್ಲ ಎಂಬುದು ನಿಯಮ. ಆದರೆ ಇಪ್ಪತ್ತು ವರ್ಷ ಒಣಗಿದ್ದ ಕೆರೆ ಕಣ್ಣೆದುರು ತುಂಬಿ ನಿಂತಾಗ ಏರಿಯ ಕೆಳಗಿನ ರೈತ ನಿಯಮ ನೋಡಿಕೊಂಡು ಕೂರುವುದಿಲ್ಲ. ಇದನ್ನು ಇಲ್ಲಿ ಹೇಳಿದ್ದು ಕಾರ್ಖಾನೆಯ ಮಾಲಿನ್ಯಕ್ಕೂ ಇದಕ್ಕೂ ಸಂಬಂಧ ಕಟ್ಟಲು ಅಲ್ಲ. ನೀರಿನ ಬಗ್ಗೆ ಒಂದು ಅನುಮಾನ ಹುಟ್ಟಿದರೆ ಸಾಕು, ಅದರ ಬೆಲೆಯನ್ನು ಆ ನೀರು ಮುಟ್ಟದ ರೈತನೂ ತೆರಬೇಕಾಗುತ್ತದೆ. ಡೈರಿಯ ಮುಂದೆ ಸಿಕ್ಕ ಆ ಹಿರಿಯರ ಭಯಕ್ಕೆ ಆಧಾರ ಇದೇ.

ಹಾಲು, ಗೂಡು, ಟೊಮೆಟೊ ಇವೆಲ್ಲ ಆದಾಯ. ಇವುಗಳಿಗೂ ಕೆಳಗೆ ಇನ್ನೊಂದು ಇದೆ, ಸಾಲ ಹುಟ್ಟುವ ಯೋಗ್ಯತೆ. ನಮ್ಮ ಕಡೆ ಬೋರ್‌ವೆಲ್ ಕೊರೆಸಿದ ಮರುದಿನ ಊರೆಲ್ಲ ಕೇಳುವ ಪ್ರಶ್ನೆ "ಎಷ್ಟು ಇಂಚು ನೀರು ಬಿತ್ತು?" ಎರಡು ಇಂಚು ಎಂದರೆ ಒಂದು ಮರ್ಯಾದೆ, ಮೂರು ಇಂಚು ಎಂದರೆ ಇನ್ನೊಂದು. ಕೈಸಾಲ ಕೊಡುವವನು, ಗೊಬ್ಬರದ ಅಂಗಡಿಯವನು, ಬೆಳೆಯ ಮೇಲೆ ಮುಂಗಡ ಕೊಡುವ ಮಂಡಿಯವನು, ಎಲ್ಲರೂ ತೂಗುವುದು ಆ ಇಂಚನ್ನೇ. ಮೋಟರು, ಪೈಪು, ಕೇಬಲ್ಲು ಸೇರಿ ಹಲವು ಲಕ್ಷ ಸುರಿದು ಪಡೆದ ಆ ಇಂಚು ಹೊಲಕ್ಕಿಂತ ದೊಡ್ಡ ಬಂಡವಾಳ. ಈ ಅಳತೆಯಲ್ಲಿ ನೀರು ಎಷ್ಟಿದೆ ಎಂಬುದಿದೆ, ಹೇಗಿದೆ ಎಂಬುದಿಲ್ಲ. ನೀರು ಕೆಟ್ಟಾಗ ಇಂಚು ಹಾಗೆಯೇ ಇರುತ್ತದೆ, ಸಾಲವೂ ಹಾಗೆಯೇ ಇರುತ್ತದೆ, ಸಾಲ ತೀರಿಸುವ ಬೆಳೆ ಮಾತ್ರ ಇರುವುದಿಲ್ಲ. ಒಂದು ಬೆಳೆ ಹೋದರೆ ಮುಂದಿನ ಬೆಳೆಯಲ್ಲಿ ಚೇತರಿಸಿಕೊಳ್ಳಬಹುದು. ಇಂಚಿನ ಮೇಲಿನ ನಂಬಿಕೆ ಹೋದರೆ ಮುಂದಿನ ಬೆಳೆಗೆ ಬೀಜದ ದುಡ್ಡೂ ಹುಟ್ಟುವುದಿಲ್ಲ.

ಹಾಗಾದರೆ ಜಮೀನಿನ ಬೆಲೆ ಬೀಳಬೇಕಲ್ಲವೆ? ಅರ್ಥಶಾಸ್ತ್ರದ ಪುಸ್ತಕ ಹಾಗೆ ಹೇಳುತ್ತದೆ, ಮಾಲಿನ್ಯದ ನಷ್ಟ ಭೂಮಿಯ ಬೆಲೆಯಲ್ಲಿ ಕಾಣಿಸಿಕೊಳ್ಳುತ್ತದೆ ಎಂದು. ಬೆಂಗಳೂರಿನ ಅಂಚಿಗೆ ಬಂದ ಈ ತಾಲ್ಲೂಕುಗಳಲ್ಲಿ ಆಗುವುದು ಅದಕ್ಕೆ ತದ್ವಿರುದ್ಧ. ಕೈಗಾರಿಕಾ ಪ್ರದೇಶದ ಪಕ್ಕದ ಜಮೀನು ನೀರು ಕೆಟ್ಟರೂ ಬೆಲೆ ಕಳೆದುಕೊಳ್ಳುವುದಿಲ್ಲ, ಏಕೆಂದರೆ ಕೊಳ್ಳುವವನು ರಾಗಿ ಬೆಳೆಯಲು ಕೊಳ್ಳುತ್ತಿಲ್ಲ. ಲೇಔಟ್ ಮಾಡಲೋ ಗೋದಾಮು ಕಟ್ಟಲೋ ಕೊಳ್ಳುತ್ತಿದ್ದಾನೆ. ಇದರಿಂದ ಜಮೀನಿನ ಒಡೆಯ ಪಾರಾಗುತ್ತಾನೆ, ಕೆಲವೊಮ್ಮೆ ಚೆನ್ನಾಗಿಯೇ ಪಾರಾಗುತ್ತಾನೆ. ಸಿಕ್ಕಿಬೀಳುವವರು ಬೇರೆ. ಬೇರೆಯವರ ಜಮೀನನ್ನು ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಉಳುವವನು, ಅರ್ಧ ಎಕರೆಯೂ ಇಲ್ಲದೆ ಕೆರೆಯಂಗಳದ ಹುಲ್ಲನ್ನೇ ನಂಬಿ ಹಸು ಕಟ್ಟಿದವಳು, ಕೆರೆಯ ಮೀನು ಹಿಡಿಯುವ ಹಕ್ಕನ್ನು ಹರಾಜಿನಲ್ಲಿ ಪಡೆದು ಮರಿ ಬಿಟ್ಟವನು. ಒಂದು ಬೆಳಿಗ್ಗೆ ಕೆರೆಯ ದಡಕ್ಕೆ ಸತ್ತ ಮೀನು ತೇಲಿ ಬಂದರೆ ಹರಾಜಿನ ದುಡ್ಡು ವಾಪಸು ಬರುವುದಿಲ್ಲ. ಭೂಮಿಯ ಬೆಲೆಯನ್ನು ನೋಡಿ "ಈ ಭಾಗ ಅಭಿವೃದ್ಧಿಯಾಗಿದೆ" ಎನ್ನುವ ವರದಿಗಳಲ್ಲಿ ಈ ಮೂವರೂ ಇರುವುದಿಲ್ಲ.

ಇನ್ನೊಂದು ತೊಡಕು ಮನೆಯೊಳಗೇ ಇದೆ. ಬೋರ್‌ವೆಲ್ ಕೆಟ್ಟ ರೈತನ ಮಗ ಬಹಳ ಸಲ ಅದೇ ಕೈಗಾರಿಕಾ ಪ್ರದೇಶದಲ್ಲಿ ಗುತ್ತಿಗೆ ನೌಕರ. ಅಪ್ಪ ದೂರು ಕೊಟ್ಟರೆ ಮಗನ ಗೇಟ್‌ಪಾಸು ಹೋಗುತ್ತದೆ ಎಂಬ ಭಯ ನಿಜವೋ ಸುಳ್ಳೋ, ದೂರನ್ನು ತಡೆಯಲು ಭಯವೊಂದೇ ಸಾಕು. ಆ ಸಂಬಳ ಮನೆಗೆ ಬೇಕು, ಅದು ಬರುವುದು ಅಪ್ಪನ ನೀರು ಕೆಡಿಸಿದೆ ಎಂದು ಅವರು ನಂಬಿರುವ ಜಾಗದಿಂದಲೇ. ಕಾರ್ಖಾನೆ ಬೇಡ ಎಂದು ಆ ಮನೆಯಲ್ಲಿ ಯಾರೂ ಹೇಳುವುದಿಲ್ಲ. ಹೇಳಲೂಬಾರದು ಎಂಬುದು ನನ್ನ ಅಭಿಪ್ರಾಯ. ಆದರೆ ಕೆಲಸ ಕೊಟ್ಟದ್ದನ್ನೇ ನೀರಿನ ಪರಿಹಾರವೆಂದು ಭಾವಿಸುವುದು ತಪ್ಪು ಲೆಕ್ಕ, ಏಕೆಂದರೆ ಕೆಲಸ ಒಬ್ಬನಿಗೆ ಸಿಗುತ್ತದೆ, ನೀರು ಊರಿಗೆ ಹೋಗುತ್ತದೆ.

ಇಷ್ಟೆಲ್ಲ ಆದ ಮೇಲೆ ಧೈರ್ಯ ಮಾಡಿ ಒಬ್ಬ ರೈತ ದೂರು ಕೊಟ್ಟ ಎಂದುಕೊಳ್ಳೋಣ. ಅವನಿಗೆ ಏನು ಸಿಗುತ್ತದೆ?

ಆಲಿಕಲ್ಲು ಬಿದ್ದು ಬೆಳೆ ಹೋದರೆ ವಿಪತ್ತು ಪರಿಹಾರ ನಿಧಿಯಿಂದ ಹೆಕ್ಟೇರಿಗೆ ಇಷ್ಟು ಎಂಬ ಲೆಕ್ಕವಿದೆ. ಬರ, ಪ್ರವಾಹ, ಕೀಟಬಾಧೆಗಳೂ ಆ ಪಟ್ಟಿಯಲ್ಲಿವೆ. ಕೈಗಾರಿಕಾ ಮಾಲಿನ್ಯ ಇಲ್ಲ. ಫಸಲ್ ಬಿಮಾ ಯೋಜನೆಯಲ್ಲಿ ತಡೆಯಬಹುದಾದ ಅಪಾಯಗಳಿಂದ ಆದ ನಷ್ಟಕ್ಕೆ ವಿಮೆ ಅನ್ವಯಿಸುವುದಿಲ್ಲ. ನೀರಿಗೆ ವಿಷ ಸೇರುವುದು ತಡೆಯಬಹುದಾದ ಅಪಾಯವೇ ಹೌದು, ತಡೆಯಬೇಕಾದವನು ರೈತನಲ್ಲ ಎಂಬುದು ಬೇರೆ ಮಾತು. ಭೋಪಾಲದ ಬಳಿಕ 1991ರಲ್ಲಿ ಬಂದ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆಯ ಮೂಲ ಅನುಸೂಚಿಯಲ್ಲಿ ಖಾಸಗಿ ಆಸ್ತಿಗೆ ಆದ ಹಾನಿಗೆ ಗರಿಷ್ಠ 6,000 ರೂಪಾಯಿ, ತಾತ್ಕಾಲಿಕವಾಗಿ ದುಡಿಯುವ ಶಕ್ತಿ ಕುಂದಿದರೆ ತಿಂಗಳಿಗೆ ಗರಿಷ್ಠ 1,000 ರೂಪಾಯಿಯಂತೆ ಮೂರು ತಿಂಗಳು ಎಂದಿತ್ತು. ಅದೂ ಮೂರು ದಿನಕ್ಕಿಂತ ಹೆಚ್ಚು ಆಸ್ಪತ್ರೆಯಲ್ಲಿ ಮಲಗಿದ್ದರೆ. ಬೋರ್‌ವೆಲ್ ಆಸ್ಪತ್ರೆಗೆ ಸೇರುವುದಿಲ್ಲ.

ಮಾಲಿನ್ಯ ನಿಯಂತ್ರಣ ಮಂಡಳಿ ದಂಡ ಹಾಕುವುದಿಲ್ಲವೇ ಎಂದರೆ ಹಾಕುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಪರಿಸರ ಪರಿಹಾರವನ್ನು ಲೆಕ್ಕ ಹಾಕಲು ರೂಪಿಸಿದ ಸೂತ್ರದಲ್ಲಿ ಐದು ಅಂಶಗಳನ್ನು ಗುಣಿಸುತ್ತಾರೆ: ಉದ್ಯಮದ ಮಾಲಿನ್ಯ ಸೂಚ್ಯಂಕ, ನಿಯಮ ಮೀರಿದ ದಿನಗಳು, ರೂಪಾಯಿಯಲ್ಲಿ ನಿಗದಿಯಾದ ಒಂದು ಮೊತ್ತ, ಉದ್ಯಮದ ಗಾತ್ರ, ಹತ್ತಿರದ ಊರಿನ ಜನಸಂಖ್ಯೆ. ಹೆಚ್ಚು ಮಾಲಿನ್ಯ ಮಾಡುವ ಕೆಂಪು ವರ್ಗದ ಒಂದು ಸಣ್ಣ ಘಟಕ 30 ದಿನ ನಿಯಮ ಮೀರಿತು ಎಂದಿಟ್ಟುಕೊಂಡರೆ, ಸೂಚ್ಯಂಕ 80, ದಿನ 30, ಮೊತ್ತ 250 ರೂಪಾಯಿ, ಸಣ್ಣ ಘಟಕಕ್ಕೆ 0.5, ಹತ್ತು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಗೆ 1. ಗುಣಿಸಿದರೆ ಮೂರು ಲಕ್ಷ ರೂಪಾಯಿ. ಈ ಸೂತ್ರದಲ್ಲಿ ಎಷ್ಟು ಬೋರ್‌ವೆಲ್ ಕೆಟ್ಟವು ಎಂಬುದಕ್ಕೆ ಜಾಗವಿಲ್ಲ, ಎಷ್ಟು ಹಸು ಎಂಬುದಕ್ಕಿಲ್ಲ, ಎಷ್ಟು ಬೆಳೆ ಗೂಡು ಎಂಬುದಕ್ಕಿಲ್ಲ. ದೊಡ್ಡ ನಗರದ ಬಳಿ ದಂಡ ಹೆಚ್ಚು, ಹಳ್ಳಿಗಾಡಿನಲ್ಲಿ ಕಡಿಮೆ. ನಗರದವರಿಗೆ ನಲ್ಲಿಯಲ್ಲಿ ಬೇರೆ ನೀರು ಬರುತ್ತದೆ, ಹಳ್ಳಿಯವರು ಆ ನೀರಿನಲ್ಲೇ ಬದುಕುತ್ತಾರೆ ಎಂಬುದನ್ನು ನೆನೆದರೆ ಈ ಗುಣಕ ತಲೆಕೆಳಗಾಗಿದೆ ಎನಿಸುತ್ತದೆ. ಮೇಲಾಗಿ ಆ ಮೂರು ಲಕ್ಷ ಹೋಗುವುದು ಮಂಡಳಿಯ ಖಾತೆಗೆ, ರೈತನ ಖಾತೆಗಲ್ಲ.

ರೈತನಿಗೆ ನೇರ ಪರಿಹಾರ ಬೇಕಾದರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದೆ, ನಮಗೆ ಅದರ ಪೀಠ ಚೆನ್ನೈಯಲ್ಲಿದೆ. ತಪ್ಪು ಯಾರದೆಂದು ಸಾಬೀತಾಗದಿದ್ದರೂ ಪರಿಹಾರ ಕೊಡಿಸುವ ಅಧಿಕಾರ 2010ರ ಕಾಯ್ದೆಯಲ್ಲಿ ಅದಕ್ಕಿದೆ, ಇದು ಸಣ್ಣ ಮಾತಲ್ಲ. ಆದರೆ ಪರಿಹಾರದ ಅರ್ಜಿಯನ್ನು ಕಾರಣ ಮೊದಲು ಉಂಟಾದ ದಿನದಿಂದ ಐದು ವರ್ಷಗಳೊಳಗೆ ಹಾಕಬೇಕು. ಬಂಡೆಯ ಬಿರುಕಿನಲ್ಲಿ ಸಾವಿರ ಅಡಿ ಇಳಿದು, ಅಡ್ಡಡ್ಡ ಸಾಗಿ, ಇನ್ನೊಬ್ಬನ ಬೋರ್‌ವೆಲ್ಲಿಗೆ ಬರುವ ವಿಷಕ್ಕೆ "ಮೊದಲ ದಿನ" ಯಾವುದು?

ನ್ಯಾಯಾಲಯಗಳ ಇತಿಹಾಸ ಈ ವಿಷಯದಲ್ಲಿ ಹೆಮ್ಮೆಪಡುವಂಥದ್ದೂ ಹೌದು, ನಿರಾಶೆ ತರುವಂಥದ್ದೂ ಹೌದು. ದೆಹಲಿಯ ಓಲಿಯಂ ಅನಿಲ ಸೋರಿಕೆಯ ಪ್ರಕರಣದಲ್ಲಿ 1986ರಲ್ಲಿ ಸುಪ್ರೀಂ ಕೋರ್ಟ್, ಅಪಾಯಕಾರಿ ಉದ್ಯಮ ನಡೆಸುವವನು ಯಾವ ನೆಪವನ್ನೂ ಹೇಳುವಂತಿಲ್ಲ, ಹಾನಿಯಾದರೆ ಹೊಣೆ ಪೂರ್ತಿ ಅವನದೇ ಎಂದಿತು. ರಾಜಸ್ಥಾನದ ಉದಯಪುರದ ಬಳಿಯ ಬಿಛ್ರಿ ಎಂಬ ಹಳ್ಳಿಯಲ್ಲಿ ಎಚ್-ಆಸಿಡ್ ಎಂಬ, ಬಣ್ಣ ತಯಾರಿಕೆಯ ರಾಸಾಯನಿಕವನ್ನು ತಯಾರಿಸುವ ಘಟಕಗಳ ಕೆಸರು ಮಣ್ಣಿಗಿಳಿದು ಬಾವಿಗಳ ನೀರು ಬಣ್ಣಕ್ಕೆ ತಿರುಗಿದ್ದು 1980ರ ದಶಕದ ಕೊನೆಯಲ್ಲಿ. ಕೆಡಿಸಿದವನೇ ಶುದ್ಧಗೊಳಿಸುವ ಖರ್ಚು ಕೊಡಬೇಕು ಎಂಬ ತೀರ್ಪು ಬಂದದ್ದು 1996ರಲ್ಲಿ. ಖರ್ಚು 37.385 ಕೋಟಿ ರೂಪಾಯಿ ಎಂದು ಲೆಕ್ಕವಾಯಿತು. ಕಂಪನಿ ಅರ್ಜಿಯ ಮೇಲೆ ಅರ್ಜಿ ಹಾಕುತ್ತ ಹೋಗಿ, ಕೊನೆಗೆ 2011ರಲ್ಲಿ ಸುಪ್ರೀಂ ಕೋರ್ಟ್ ಅದೇ ಮೊತ್ತವನ್ನು ಶೇಕಡ 12ರ ಚಕ್ರಬಡ್ಡಿಯೊಂದಿಗೆ ಕಟ್ಟಬೇಕೆಂದು ಆದೇಶಿಸಿತು. ಬಾವಿ ಕೆಟ್ಟಾಗ ಹುಟ್ಟಿದ ಮಗು ಅಷ್ಟರಲ್ಲಿ ಮದುವೆಯ ವಯಸ್ಸಿಗೆ ಬಂದಿತ್ತು.

ನಮಗೆ ಇನ್ನೂ ಹತ್ತಿರದ ಪಾಠ ಪಾಲಾರ್ ನದಿಯದು. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟಿ, ಬೇತಮಂಗಲದ ಕೆರೆ ತುಂಬಿಸಿ, ತಮಿಳುನಾಡಿಗೆ ಇಳಿಯುವ ಈ ನದಿ ವೆಲ್ಲೂರು ಸೀಮೆಯಲ್ಲಿ ಚರ್ಮ ಹದಮಾಡುವ ಕಾರ್ಖಾನೆಗಳ ನಡುವೆ ಸಾಗುತ್ತದೆ. ಅಲ್ಲಿ 35,000 ಹೆಕ್ಟೇರಿನಷ್ಟು ಕೃಷಿಭೂಮಿ ಪೂರ್ತಿಯಾಗಿಯೋ ಭಾಗಶಃವೋ ಸಾಗುವಳಿಗೆ ಅಯೋಗ್ಯವಾಗಿದೆ ಎಂಬ ಅಧ್ಯಯನವನ್ನು ಸುಪ್ರೀಂ ಕೋರ್ಟ್ 1996ರ ಆಗಸ್ಟ್ ತೀರ್ಪಿನಲ್ಲಿ ಉಲ್ಲೇಖಿಸಿತ್ತು. ಸುಮಾರು ಮೂರು ದಶಕಗಳ ನಂತರ, 2025ರ ಜನವರಿ 30ರಂದು ಅದೇ ನ್ಯಾಯಾಲಯ ಅದೇ ಪಾಲಾರಿನ ಬಗ್ಗೆ ಮತ್ತೆ ತೀರ್ಪು ಕೊಡಬೇಕಾಯಿತು. ಈ ಸಲ ಹೇಳಿದ್ದರಲ್ಲಿ ಒಂದು ಮುಖ್ಯ ಮಾತಿದೆ: ಸಂತ್ರಸ್ತರಿಗೆ ಸರ್ಕಾರ ಮೊದಲು ಪರಿಹಾರ ಕೊಡಲಿ, ಆಮೇಲೆ ಮಾಲಿನ್ಯ ಮಾಡಿದವರಿಂದ ವಸೂಲು ಮಾಡಿಕೊಳ್ಳಲಿ. ಕಾಯುವ ಭಾರವನ್ನು ರೈತನ ಹೆಗಲಿನಿಂದ ಇಳಿಸಿ ಸರ್ಕಾರದ ಹೆಗಲಿಗೆ ಹೊರಿಸುವ ಈ ಕ್ರಮ ನದಿಯ ಕೆಳಗಿನವರಿಗೆ ಸಿಗುವುದಾದರೆ ಮೇಲಿನವರಿಗೂ ಸಿಗಬೇಕು.

ಕೋಲಾರ ಜಿಲ್ಲೆ ಇದನ್ನೆಲ್ಲ ಈಗ ಯೋಚಿಸಲು ಒಂದು ತುರ್ತು ಕಾರಣವಿದೆ, ಕೆಜಿಎಫ್‌ನ ಸೈನೈಡ್ ದಿಬ್ಬಗಳು. ನೂರಿಪ್ಪತ್ತು ವರ್ಷ ಚಿನ್ನ ತೆಗೆದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಕಲ್ಲನ್ನು ಹಿಟ್ಟು ಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ನುಣ್ಣನೆಯ ಮಣ್ಣು ಊರ ಸುತ್ತ ಗುಡ್ಡಗಳಾಗಿ ನಿಂತಿದೆ, ಅಂದಾಜು 3.3 ಕೋಟಿ ಟನ್. ಗಾಳಿಯ ಕಾಲದಲ್ಲಿ ಆ ಪುಡಿ ಊರ ಮೇಲೆ ಹಾರುತ್ತದೆ, ಮಳೆಗೆ ದಿಬ್ಬದ ಮೈ ಕೊರೆದು ಕೊರಕಲು ಬೀಳುತ್ತದೆ. ಸೈನೈಡ್ ಬಿಸಿಲು ಗಾಳಿಗೆ ಕಾಲಕ್ರಮದಲ್ಲಿ ವಿಘಟನೆ ಹೊಂದುತ್ತದೆ, ಅದಿರಿನ ಜೊತೆ ಬಂದ ಲೋಹಗಳು ಹಾಗೆ ಕರಗಿಹೋಗುವುದಿಲ್ಲ. ಈ ಮಣ್ಣಿನಲ್ಲಿ ಇನ್ನೂ ಉಳಿದಿರುವ ಅಲ್ಪ ಚಿನ್ನವನ್ನು ತೆಗೆಯಲು 13 ದಿಬ್ಬಗಳ ಸುಮಾರು 1,003 ಎಕರೆಯನ್ನು ಹರಾಜು ಹಾಕುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಕೆಲಸವಿಲ್ಲದೆ ದಿನವೂ ಮುಂಜಾನೆಯ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಮರಳುವ ಊರಿಗೆ ಇದು ಆಸೆ ಹುಟ್ಟಿಸುವ ಸುದ್ದಿ. ಆ ಆಸೆ ತಪ್ಪಲ್ಲ.

ಆದರೆ ಹಳೆಯ ಗಣಿಮಣ್ಣನ್ನು ಮತ್ತೆ ತೊಳೆದು ಚಿನ್ನ ತೆಗೆಯುವ ಇಂಥದೇ ಕೆಲಸ ರೊಮೇನಿಯಾದ ಬಯಾ ಮಾರೆ ಎಂಬ ಊರಿನಲ್ಲಿ ನಡೆಯುತ್ತಿತ್ತು. 2000ದ ಜನವರಿ 30ರ ರಾತ್ರಿ ಮಳೆ ಮತ್ತು ಕರಗಿದ ಹಿಮದಿಂದ ತುಂಬಿದ ಕೊಳದ ಏರಿ ಒಡೆದು, ಸೈನೈಡ್ ಬೆರೆತ ಸುಮಾರು ಒಂದು ಲಕ್ಷ ಘನ ಮೀಟರ್ ನೀರು ಹೊಳೆಗೆ ಹರಿಯಿತು. ಅಲ್ಲಿಂದ ತಿಸಾ ನದಿಗೆ, ಅಲ್ಲಿಂದ ಡ್ಯಾನ್ಯೂಬಿಗೆ. ಹಂಗೆರಿಯೊಂದರಲ್ಲೇ ಸಾವಿರ ಟನ್ನಿಗೂ ಹೆಚ್ಚು ಮೀನು ಸತ್ತಿತು. ಪರಿಹಾರ ಕೇಳುವ ಹೊತ್ತಿಗೆ ಕಂಪನಿ ದಿವಾಳಿಯಾಗಿತ್ತು. ಗಮನಿಸಬೇಕಾದದ್ದು ಇದು: ಆ ಘಟಕ ಹಳೆಯದಾಗಿರಲಿಲ್ಲ, ಆಧುನಿಕ ವಿಧಾನದ್ದು, ಕೆಲಸ ಶುರುವಾಗಿ ಒಂದು ವರ್ಷವೂ ಕಳೆದಿರಲಿಲ್ಲ. ಕೆಜಿಎಫ್‌ನಲ್ಲಿ ಹಾಗೇ ಆಗುತ್ತದೆಂದು ಯಾರೂ ಹೇಳಲಾರರು. ಆದರೆ ಹಾಗೆ ಆದರೆ ದುಡ್ಡು ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಉತ್ತರ ಹರಾಜಿನ ಷರತ್ತಿನಲ್ಲಿಯೇ ಇರಬೇಕು, ಕಂಪನಿ ಬಾಗಿಲು ಹಾಕಿದ ಮೇಲೆ ಹುಡುಕುವಂತಾಗಬಾರದು.

ಇದಕ್ಕೆ ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಾಗಿಲ್ಲ. ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ ಭಾಗದ ಗಣಿಗಳ ಕಥೆ ಜ್ಞಾಪಿಸಿಕೊಂಡರೆ ಸಾಕು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ, ಚಿತ್ರದುರ್ಗ, ತುಮಕೂರುಗಳ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ನಿಲ್ಲಿಸಿತು, ಬಳಿಕ ಗಣಿಯ ಹಣದಲ್ಲೇ ಪುನಶ್ಚೇತನ ಎಂಬ ತತ್ವಕ್ಕೆ ರೂಪ ಬಂತು. ಗಣಿ ಕಾಯ್ದೆಯ 2015ರ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನಗಳು ಹುಟ್ಟಿದವು; ಹಳೆಯ ಗುತ್ತಿಗೆಗಳು ರಾಜಧನದ ಶೇಕಡ 30ರಷ್ಟನ್ನು, ಹೊಸವು ಶೇಕಡ 10ರಷ್ಟನ್ನು ಗಣಿಬಾಧಿತ ಜನರಿಗಾಗಿ ಕಟ್ಟಬೇಕು. ಆ ಹಣ ಹೇಗೆ ಖರ್ಚಾಗುತ್ತದೆ ಎಂಬ ಬಗ್ಗೆ ಜಗಳಗಳು ಸಾಕಷ್ಟಿವೆ. ಆದರೂ ಹಾನಿಯಾಗುವ ಮುಂಚೆಯೇ ಹಣ ಎತ್ತಿಡುವ ಪದ್ಧತಿಯೊಂದು ಅಲ್ಲಿದೆ. ನೆಲದಿಂದ ಅದಿರು ಎತ್ತುವವನಿಗೆ ಇರುವ ಈ ಕಟ್ಟುಪಾಡು ನೆಲಕ್ಕೆ ರಾಸಾಯನಿಕ ಇಳಿಸುವ ಕಾರ್ಖಾನೆಗೆ ಏಕಿಲ್ಲ? ಕೈಗಾರಿಕಾ ಪ್ರದೇಶಕ್ಕೆ ಜಮೀನು ಹಂಚುವಾಗಲೇ, ಸುತ್ತಲಿನ ಹಳ್ಳಿಗಳ ನೀರಿನ ಹೆಸರಿನಲ್ಲಿ ಒಂದು ಠೇವಣಿಯನ್ನು ಇಡಿಸಿಕೊಂಡರೆ, ನೀರು ಕೆಟ್ಟಿದೆ ಎಂದು ಪರೀಕ್ಷೆ ಹೇಳಿದ ದಿನವೇ ಟ್ಯಾಂಕರ್ ಕಳಿಸಲು, ಸಾಲದ ಬಡ್ಡಿ ಕಟ್ಟಲು, ಹಸುವಿನ ನೀರಿಗೆ ಕೊಡಲು ಹಣ ಇರುತ್ತದೆ. ತಪ್ಪು ಯಾರದೆಂಬ ವಾದ ಚೆನ್ನೈಯಲ್ಲಿ ಆಮೇಲೆ ನಡೆಯಲಿ.

ಠೇವಣಿ ಎಷ್ಟಿದ್ದರೂ "ಮೊದಲಿನಿಂದಲೂ ಹೀಗೇ ಇತ್ತು" ಎಂಬ ವಾದದ ಮುಂದೆ ನಿಲ್ಲಬೇಕಾದರೆ ಹಳೆಯ ನೀರಿನ ದಾಖಲೆ ಬೇಕು. ಜಲಜೀವನ ಮಿಷನ್ ಅಡಿಯಲ್ಲಿ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ನೀರಿನ ಪರೀಕ್ಷೆ ಕಲಿಸಿ ಕಿಟ್ ಕೊಡುವ ಏರ್ಪಾಡಿದೆ. ಆ ಕಿಟ್ಟಿನಲ್ಲಿ ಫ್ಲೋರೈಡ್, ನೈಟ್ರೇಟ್, ಗಡಸುತನ, ಕ್ಲೋರೈಡ್‌ಗಳ ಪರೀಕ್ಷೆ ಇದೆ. ಕೈಗಾರಿಕೆಯ ಹಳ್ಳಿಗೆ ಬೇಕಾದ ಕ್ರೋಮಿಯಂ, ಸೀಸದಂಥ ಲೋಹಗಳ ಪರೀಕ್ಷೆಗೆ ಪ್ರಯೋಗಾಲಯವೇ ಬೇಕು. ಪರೀಕ್ಷೆಯಾಗುವುದೂ ಕುಡಿಯುವ ನೀರಿನ ಮೂಲಗಳದ್ದು, ಹೊಲದ ಬೋರ್‌ವೆಲ್ಲಿನದಲ್ಲ. ಕೆಜಿಎಫ್ ದಿಬ್ಬಗಳಿಗೆ ಮೊದಲ ಜೆಸಿಬಿ ಬರುವ ಮುನ್ನ, ಸುತ್ತಲ ಹಳ್ಳಿಗಳ ಪ್ರತಿಯೊಂದು ಕೃಷಿ ಬೋರ್‌ವೆಲ್ಲಿನ ನೀರನ್ನು ಲೋಹಗಳಿಗಾಗಿ ಪರೀಕ್ಷಿಸಿ, ವರದಿಯ ಒಂದು ಪ್ರತಿಯನ್ನು ಮೊಹರು ಹಾಕಿ ರೈತನ ಕೈಗೂ ಇನ್ನೊಂದನ್ನು ಗ್ರಾಮ ಪಂಚಾಯಿತಿಗೂ ಕೊಡಬೇಕು. ಮಾಲೂರಿನಲ್ಲಿ, ವೇಮಗಲ್ಲಿನಲ್ಲಿ, ವಸಂತನರಸಾಪುರದಲ್ಲಿ ಆ ಕಾಲ ಆಗಲೇ ಕೈತಪ್ಪಿದೆ. ಅಲ್ಲಿ ಇವತ್ತಿನ ನೀರನ್ನೇ ಮೊದಲ ದಾಖಲೆಯಾಗಿ ಹಿಡಿಯಬೇಕಾಗುತ್ತದೆ.

ಈ ಮಾತನ್ನು ಡೈರಿಯ ಹಿರಿಯರ ಮುಂದಿಟ್ಟಾಗ ಅವರು ಕೇಳಿದ್ದು ಒಂದೇ: ವರದಿ ಎಲ್ಲರ ಬೋರಿಗೂ ಒಟ್ಟಿಗೆ ಆಗುತ್ತೋ, ನನ್ನೊಬ್ಬನದಕ್ಕೆ ಮಾತ್ರವೋ? ಒಟ್ಟಿಗೆ ಆಗುವುದಾದರೆ ತಮ್ಮದನ್ನೂ ಕೊಡುತ್ತೇನೆ ಎಂದು ಹೇಳಿ, ಖಾಲಿ ಕ್ಯಾನುಗಳನ್ನು ಮೊಪೆಡ್ಡಿಗೆ ಕಟ್ಟಿಕೊಂಡು ನೀರಿನ ಘಟಕದ ಕಡೆ ಹೊರಟರು.